ಡೆಲ್ಫ್ಟ್: ನೀರಿಗೆ ಲೆಕ್ಕ ಇಟ್ಟ ಊರು

ಹಿಂದಿನ ಸಂಚಿಕೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಬಗ್ಗೆ ಉತ್ತರಿಸುವಾಗ ‘ಕಾಲುವೆಗಿಂತ ಕಾಲುವೆಯ ಲೆಕ್ಕಪುಸ್ತಕ ಮುಖ್ಯ ಎನ್ನುವುದನ್ನು ನಾನು ಡೆಲ್ಫ್ಟ್ ಎಂಬ ಊರಿನಲ್ಲಿ ಕಲಿತೆ’ ಎಂದು ಒಂದು ಸಾಲು ಬರೆದಿದ್ದೆ. ಉಳಿದ ಎರಡು ಪುಟಗಳನ್ನು ಬಿಟ್ಟು ಆ ಒಂದು ಸಾಲನ್ನೇ ಹಿಡಿದುಕೊಂಡು ಓದುಗರು ಪತ್ರ ಬರೆದಿದ್ದಾರೆ. ಸಂಪಾದಕರು ‘ಈ ಸಲ ಪೂರ್ತಿ ಅಂಕಣ ಅದಕ್ಕೇ ಇರಲಿ’ ಎಂದರು. ಪಹಣಿ ತಿದ್ದುಪಡಿ, ಸವಳು ಭೂಮಿಯ ಪರಿಹಾರ ಕೇಳಿದವರು ಮುಂದಿನ ಸಂಚಿಕೆಯವರೆಗೆ ತಾಳಬೇಕು.

● ಸಾಹೇಬರೇ, ಈ ಡೆಲ್ಫ್ಟ್ ಎಲ್ಲಿದೆ? ಮುನಿರಾಬಾದಿನಲ್ಲಿ ಕಾಲುವೆ ನೋಡಿಕೊಂಡಿದ್ದ ನಿಮಗೆ ಅಲ್ಲೇನು ಕೆಲಸವಿತ್ತು?
— ಓದುಗರು, ಸಿಂಧನೂರು

ನೆದರ್ಲೆಂಡ್ಸ್‌ನಲ್ಲಿ, ಹೇಗ್ ಮತ್ತು ರಾಟರ್‌ಡ್ಯಾಮ್ ನಗರಗಳ ನಡುವೆ ಇದೆ. ಜನಸಂಖ್ಯೆ ಒಂದು ಲಕ್ಷದ ಆಸುಪಾಸು, ಅಂದರೆ ನಮ್ಮ ಗಂಗಾವತಿಯಷ್ಟು. 1957ರಲ್ಲಿ ಅಲ್ಲಿ ಹೊರದೇಶಗಳ ಇಂಜಿನಿಯರುಗಳಿಗಾಗಿ ಜಲ ಇಂಜಿನಿಯರಿಂಗಿನ ಒಂದು ಕೋರ್ಸು ಶುರುವಾಯಿತು. ಅದು ಬೆಳೆದು ಈಗ ದೊಡ್ಡ ಜಲ ಶಿಕ್ಷಣ ಸಂಸ್ಥೆಯಾಗಿದೆ. ಎಂಬತ್ತರ ದಶಕದಲ್ಲಿ ನೀರಾವರಿ ಇಲಾಖೆ ನನ್ನನ್ನು ಅಲ್ಲಿಗೆ ಕಳಿಸಿತು. ತರಗತಿಯಲ್ಲಿ ನನ್ನ ಒಂದು ಬದಿಗೆ ನೈಲ್ ನದಿಯ ಕಾಲುವೆ ನೋಡುವವನು, ಇನ್ನೊಂದು ಬದಿಗೆ ಜಾವಾದ ಭತ್ತದ ಗದ್ದೆಯವನು. ಊರು ಬೇರೆಯಾದರೂ ಮೂವರ ದೂರೂ ಒಂದೇ: ಮೇಲಿನವರು ನೀರು ಬಿಡುವುದಿಲ್ಲ.

1953ರಲ್ಲಿ ನಮ್ಮ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ಮೊದಲ ನೀರು ಹರಿಯಿತು. ಅದೇ ವರ್ಷದ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ನೆದರ್ಲೆಂಡ್ಸ್‌ನ ನೈಋತ್ಯ ಭಾಗದ ಏರಿಗಳನ್ನು ಒಡೆಯಿತು. 1,836 ಜನ ಸತ್ತರು. ನಮಗೆ ಪಾಠ ಹೇಳಿದ ಹಿರಿಯ ಪ್ರಾಧ್ಯಾಪಕರಿಗೆ ಆ ರಾತ್ರಿ ಪುಸ್ತಕದ ವಿಷಯವಾಗಿರಲಿಲ್ಲ. ಅವರು ಅದನ್ನು ಕಣ್ಣಾರೆ ಕಂಡವರು. ನಾವು 1953 ಎಂದರೆ ಹೂವು ಹಾಕಿ ನೀರು ಬಿಟ್ಟ ವರ್ಷ ಎನ್ನುತ್ತೇವೆ. ಅವರು ಆ ವರ್ಷದ ಹೆಸರೆತ್ತಿದರೆ ಮಾತು ನಿಲ್ಲಿಸುತ್ತಿದ್ದರು.

ಊರಿನ ಮೂಲವೂ ಒಂದು ಕಾಲುವೆಯೇ. ಜೌಗು ಭೂಮಿಯ ನೀರು ಬಸಿಯಲೆಂದು ಅಗೆದ ‘ಔದೆ ಡೆಲ್ಫ್ಟ್’ ಎಂಬ ಕಾಲುವೆಯ ದಂಡೆಯಲ್ಲಿ ಮನೆಗಳು ಎದ್ದವು. 1246ರಲ್ಲಿ ಹಾಲೆಂಡಿನ ಕೌಂಟ್ ಎರಡನೇ ವಿಲಿಯಂ ಅದಕ್ಕೆ ನಗರದ ಹಕ್ಕು ಕೊಟ್ಟ. ತುಂಗಭದ್ರೆಯ ದಂಡೆಯಲ್ಲಿ ವಿಜಯನಗರ ಹುಟ್ಟುವುದಕ್ಕೆ ಇನ್ನೂ ತೊಂಬತ್ತು ವರ್ಷ ಬಾಕಿಯಿತ್ತು. ಆ ಕಾಲುವೆ ಇಂದಿಗೂ ಇದೆ. ಎರಡೂ ದಂಡೆಗೆ ಮರಗಳ ಸಾಲು, ಅವುಗಳ ಕೆಳಗೆ ಒರಗಿಸಿದ ಸೈಕಲ್ಲುಗಳು. ಬಹುತೇಕ ಕಡೆ ಕಂಬಿಬೇಲಿ ಇಲ್ಲ. ಮನೆಗಳ ಅಗಲ ಕಡಿಮೆ, ಎತ್ತರ ಹೆಚ್ಚು. ಒಳಗಿನ ಮೆಟ್ಟಿಲು ಏಣಿಯಂತೆ ಕಡಿದಾಗಿರುವುದರಿಂದ ಮಂಚ, ಕಪಾಟು ಹತ್ತಿಸಲು ಆಗುವುದಿಲ್ಲ. ಅದಕ್ಕೇ ಎಷ್ಟೋ ಮನೆಗಳ ನೆತ್ತಿಯಲ್ಲಿ ಒಂದು ಕೊಕ್ಕೆ ಇರುತ್ತದೆ. ಹಗ್ಗ ಕಟ್ಟಿ ಸಾಮಾನನ್ನು ಹೊರಗಿನಿಂದಲೇ ಎಳೆದು ಕಿಟಕಿಯಲ್ಲಿ ಒಳಗೆ ತೂರಿಸುತ್ತಾರೆ.

● ಅಲ್ಲಿಯೂ ಮೇಲ್ಭಾಗದವರು ನೀರೆಲ್ಲ ಹೀರಿಕೊಂಡು ಕೊನೆ ಭಾಗದವರು ಆಕಾಶ ನೋಡುತ್ತಾರೆಯೇ? ಗೇಟಿನ ಕೀಲಿ ಯಾರ ಕೈಯಲ್ಲಿರುತ್ತದೆ?
— ಕೊನೆ ಭಾಗದ ರೈತ, ಮಾನ್ವಿ

ನಿಮ್ಮ ಸಿಟ್ಟು ನನಗೆ ಹೊಸದಲ್ಲ. ‘ಮೈಲ್ 69ರಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ ಸಾಹೇಬರೇ’ ಎಂದು ನಡುರಾತ್ರಿ ಫೋನ್ ಮಾಡಿ ಕೇಳುತ್ತಿದ್ದ ನಿಮ್ಮ ಭಾಗದವರ ದನಿ ನಿವೃತ್ತಿಯಾದ ಮೇಲೂ ನನ್ನನ್ನು ಬಿಟ್ಟಿಲ್ಲ.

ಅಲ್ಲಿಯ ಕಷ್ಟ ನಮ್ಮದರ ತಿರುಗುಮುರುಗು. ನಮಗೆ ಹೊಲಕ್ಕೆ ನೀರು ತರುವ ಚಿಂತೆ, ಅವರಿಗೆ ಹೊಲದಿಂದ ನೀರು ಕಳಿಸುವ ಚಿಂತೆ. ಡೆಲ್ಫ್ಟ್ ಸುತ್ತಲಿನ ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಏರಿ ಕಟ್ಟಿ ಸುತ್ತುವರಿದ ಇಂಥ ತಗ್ಗು ಭೂಮಿಯನ್ನು ಪೋಲ್ಡರ್ ಎನ್ನುತ್ತಾರೆ. ಮಳೆಯ ನೀರು ಹೊಲದ ಬಸಿಗಾಲುವೆಗೆ ಇಳಿಯುತ್ತದೆ. ಅಲ್ಲಿಂದ ಪಂಪು ಅದನ್ನು ಎತ್ತರದ ಸಂಗ್ರಹ ಕಾಲುವೆಗೆ ಎತ್ತಿ ಹಾಕುತ್ತದೆ. ಆ ಕಾಲುವೆಯಿಂದ ನೀರು ಹೊರಗಿನ ನದಿಗೆ, ಸಮುದ್ರಕ್ಕೆ ಹೋಗುತ್ತದೆ. ಹಿಂದೆ ಈ ಎತ್ತುವ ಕೆಲಸ ಗಾಳಿಗಿರಣಿಯದು, ಆಮೇಲೆ ಉಗಿಯಂತ್ರದ್ದು, ಈಗ ವಿದ್ಯುತ್ತಿನದು. ಕ್ಯಾಲೆಂಡರಿನಲ್ಲಿ ಚೆಂದ ಕಾಣುವ ಆ ಗಾಳಿಗಿರಣಿಗಳಲ್ಲಿ ಎಷ್ಟೋ ಮೂಲತಃ ನೀರೆತ್ತುವ ಪಂಪ್‌ಸೆಟ್ಟುಗಳು. ಡೆಲ್ಫ್ಟಿನ ಊರೊಳಗಿನ ಕಾಲುವೆಗಳೂ ಈ ಸಂಗ್ರಹ ಜಾಲದ ಭಾಗವೇ. ಅವುಗಳ ನೀರನ್ನು ಸಮುದ್ರ ಮಟ್ಟಕ್ಕಿಂತ ಸುಮಾರು 40 ಸೆಂಟಿಮೀಟರ್ ಕೆಳಗೆ ಹಿಡಿದಿಡುತ್ತಾರೆ. ಒಂದು ಗೇಣು ಏರಿದರೂ ಯಾರದೋ ನೆಲಮಾಳಿಗೆಗೆ ನೀರು, ಒಂದು ಗೇಣು ಇಳಿದರೂ ಯಾರದೋ ಮನೆಯ ಅಡಿಪಾಯದ ಮರದ ಕಂಬಕ್ಕೆ ಗಾಳಿ ತಗುಲಿ ಕೊಳೆತ.

ಈ ಮಟ್ಟವನ್ನು ಕಾಯುವುದು ಮಂತ್ರಿಯಲ್ಲ, ಇಲಾಖೆಯೂ ಅಲ್ಲ. ಡೆಲ್ಫ್‌ಲ್ಯಾಂಡ್ ಜಲಮಂಡಳಿ ಎಂಬ ಪ್ರತ್ಯೇಕ ಸಂಸ್ಥೆ. ಅದು ತನ್ನ ಹುಟ್ಟನ್ನು 1289ರಿಂದ ಎಣಿಸಿಕೊಳ್ಳುತ್ತದೆ, ಕೌಂಟ್ ಐದನೇ ಫ್ಲೋರಿಸ್‌ನ ಕಾಲದಿಂದ. ನೆದರ್ಲೆಂಡ್ಸ್ ಎಂಬ ದೇಶವೇ ಆಗ ಇರಲಿಲ್ಲ. ಔದೆ ಡೆಲ್ಫ್ಟ್ ಕಾಲುವೆಯ ದಂಡೆಯಲ್ಲಿ, ಮುಂಗೋಡೆಯ ತುಂಬ ಬಣ್ಣಬಣ್ಣದ ಲಾಂಛನಗಳಿರುವ ಹದಿನಾರನೇ ಶತಮಾನದ ಕಲ್ಲಿನ ಮನೆ ಅದರ ಕಚೇರಿ. ಮಂಡಳಿ ತನ್ನ ತೆರಿಗೆಯನ್ನು ತಾನೇ ಹಾಕುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಅದಕ್ಕೆ ಚುನಾವಣೆ ನಡೆಯುತ್ತದೆ. ರೈತರಷ್ಟೇ ಅಲ್ಲ, ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿರುವವರೂ ಮತ ಹಾಕುತ್ತಾರೆ, ತೆರಿಗೆಯನ್ನೂ ಕಟ್ಟುತ್ತಾರೆ. ನಾನಿದ್ದ ಮನೆಯ ಒಡತಿ ಆ ತೆರಿಗೆ ಚೀಟಿ ಬಂದ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಗೊಣಗುತ್ತಿದ್ದರು. ಆದರೆ ಗಡುವಿಗೆ ಒಂದು ವಾರ ಮೊದಲೇ ಕಟ್ಟಿ ಬರುತ್ತಿದ್ದರು.

ಹಳೆಯ ಕಾಯಿದೆ ಇನ್ನೂ ಖಡಕ್ಕಾಗಿತ್ತು. ಏರಿಯ ಇಂತಿಷ್ಟು ಉದ್ದ ಇಂಥ ರೈತನ ಹೊಣೆ ಎಂದು ಹಂಚಿರುತ್ತಿದ್ದರು. ದುರಸ್ತಿ ಮಾಡುವ ಶಕ್ತಿ ಇಲ್ಲದವನು ತನ್ನ ಸಲಿಕೆಯನ್ನು ಏರಿಯ ಮೇಲೆ ನೆಟ್ಟು ನಡೆದುಬಿಡಬೇಕು. ಆ ಸಲಿಕೆಯನ್ನು ಯಾರು ಕಿತ್ತುಕೊಳ್ಳುತ್ತಾರೋ ಅವರಿಗೆ ಅವನ ಹೊಲ, ಅದರ ಜೊತೆಗೆ ಅವನ ಹೊಣೆ. ಕ್ರೂರ ಎನ್ನಿಸುತ್ತದೆ. ಆದರೆ ಒಬ್ಬನ ಏರಿ ಒಡೆದರೆ ಊರೇ ಮುಳುಗುವ ಕಡೆ ‘ನೋಡೋಣ, ಮುಂದಿನ ಬಜೆಟ್ಟಿನಲ್ಲಿ’ ಎನ್ನುವ ಮಾತಿಗೆ ಜಾಗವಿರಲಿಲ್ಲ. ಬಸಿಗಾಲುವೆಯ ತಪಾಸಣೆ ಇವತ್ತಿಗೂ ನಡೆಯುತ್ತದೆ. ತನ್ನ ಹೊಲದ ಬದಿಯ ಹೂಳು, ಕಳೆ ತೆಗೆಯದವನಿಗೆ ದಂಡ ಬೀಳುತ್ತದೆ.

ಈಗ ನಮ್ಮ ವಿಷಯ. ನಮ್ಮಲ್ಲಿಯೂ ನೀರು ಬಳಕೆದಾರರ ಸಹಕಾರ ಸಂಘಗಳಿವೆ, ಮುನಿರಾಬಾದಿನಲ್ಲಿ ನೀರಾವರಿ ಸಲಹಾ ಸಮಿತಿ ಸಭೆ ಸೇರುತ್ತದೆ, ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಆನ್–ಆಫ್ ಪದ್ಧತಿಯ ವೇಳಾಪಟ್ಟಿಯೂ ಹೊರಬೀಳುತ್ತದೆ. ಎಡದಂಡೆಯನ್ನು ಯೋಜಿಸಿದವರು ಬಹುಪಾಲು ಜಮೀನಿಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಎಂದು ಲೆಕ್ಕ ಹಾಕಿದ್ದರು. ಮೇಲ್ಭಾಗದಲ್ಲಿ ಭತ್ತ ಬಂತು, ಭತ್ತದ ಜೊತೆ ಅಕ್ಕಿ ಗಿರಣಿ ಬಂತು, ಗಿರಣಿಯ ಜೊತೆ ರಾಜಕೀಯ ಬಂತು. 227 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಮೇಲಿನವನು ಏನು ಬೆಳೆಯುತ್ತಾನೆ ಎನ್ನುವುದು ಕೆಳಗಿನವನ ಹಣೆಬರಹವಾಯಿತು. ‘ನಾವೂ ಹಾಲೆಂಡ್ ಆಗಬೇಕು’ ಎಂದು ವೇದಿಕೆಯಲ್ಲಿ ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಅವರ ಪಂಪು, ಗೇಟು ಎಲ್ಲವನ್ನೂ ದುಡ್ಡು ಕೊಟ್ಟು ತರಬಹುದು. ಮೇಲಿನವನ ಹೆಸರು, ಅವನ ಎಕರೆ, ಅವನ ಬಾಕಿ ಇವು ಮೂರನ್ನೂ ಕೆಳಗಿನವನು ಕೇಳಿದ ಕೂಡಲೇ ತೆರೆದು ತೋರಿಸುವ ಪುಸ್ತಕವನ್ನು ಯಾವ ಕಂಪನಿಯೂ ಮಾರುವುದಿಲ್ಲ. ನಿಮ್ಮ ಉಪಕಾಲುವೆಯ ಸಂಘದ ಸಭೆ ಕಡೆಯ ಸಲ ಯಾವಾಗ ನಡೆಯಿತು ಎಂದು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಗೇಟಿನ ಕೀಲಿಯ ಮಾತು ಅಲ್ಲಿಂದ ಶುರುವಾಗಲಿ.

● ನಾವು ಕಿನ್ನಾಳದ ಬಣ್ಣದ ಕೆಲಸದವರು. ಡೆಲ್ಫ್ಟಿನ ನೀಲಿ ತಟ್ಟೆಗಳ ಚಿತ್ರವನ್ನು ಮೊಬೈಲಿನಲ್ಲಿ ನೋಡಿದೆವು. ಅದು ಚೀನಾದ ನಕಲು ಎನ್ನುತ್ತಾರೆ, ನಿಜವೇ? ಹೇಗೆ ಮಾಡುತ್ತಾರೆ?
— ಓದುಗರು, ಕಿನ್ನಾಳ, ಕೊಪ್ಪಳ

ನಕಲೆಂದೇ ಶುರುವಾದದ್ದು, ಅದನ್ನು ಅವರೂ ಮುಚ್ಚಿಡುವುದಿಲ್ಲ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಆರು ಶಾಖೆಗಳಿದ್ದವು. ಅವುಗಳಲ್ಲಿ ಒಂದು ಡೆಲ್ಫ್ಟ್. ಸಮುದ್ರವಿಲ್ಲದ ಊರಿಗೆ ಹಡಗಿನ ಕಂಪನಿ ಹೇಗೆ ಎಂದರೆ, ಅವರು 1389ರ ಹೊತ್ತಿಗೇ ನದಿಯವರೆಗೆ ಕಾಲುವೆ ತೋಡಿ ಡೆಲ್ಫ್ಸ್‌ಹಾವನ್ ಎಂಬ ಸ್ವಂತ ಬಂದರು ಮಾಡಿಕೊಂಡಿದ್ದರು. (ಆ ಬಂದರನ್ನು 1886ರಲ್ಲಿ ರಾಟರ್‌ಡ್ಯಾಮ್ ನುಂಗಿತು. ಆ ಹೊಟ್ಟೆಯುರಿ ಡೆಲ್ಫ್ಟಿನ ಹಳಬರಲ್ಲಿ ನನ್ನ ಕಾಲಕ್ಕೂ ಆರಿರಲಿಲ್ಲ.) 1603ರಲ್ಲಿ ಡಚ್ಚರು ಸಿಂಗಪುರದ ಬಳಿ ‘ಸಾಂತಾ ಕತರೀನಾ’ ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದು, ಅದರಲ್ಲಿದ್ದ ಚೀನಾ ಪಿಂಗಾಣಿಯನ್ನು ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜು ಹಾಕಿದರು. ಯುರೋಪಿಗೆ ನೀಲಿ–ಬಿಳಿ ತಟ್ಟೆಯ ಹುಚ್ಚು ಹತ್ತಿತು. ಆ ಹಡಗನ್ನು ಹಿಡಿದದ್ದು ನ್ಯಾಯ ಎಂದು ಕಂಪನಿಯ ಪರವಾಗಿ ವಾದ ಬರೆದ ವಕೀಲ ಹ್ಯೂಗೋ ಗ್ರೋಷಿಯಸ್ ಡೆಲ್ಫ್ಟಿನ ಹುಡುಗ. ಸಮುದ್ರ ಯಾರೊಬ್ಬರ ಸ್ವತ್ತೂ ಅಲ್ಲ ಎಂದು ಅವನು ಆ ವಾದದಲ್ಲಿ ಬರೆದ ಭಾಗ 1609ರಲ್ಲಿ ಅಚ್ಚಾಗಿ ಅಂತರರಾಷ್ಟ್ರೀಯ ಕಾನೂನಿನ ಬುನಾದಿಗಳಲ್ಲಿ ಒಂದಾಯಿತು. ಲೂಟಿಯ ಮಾಲಿನಿಂದ ನ್ಯಾಯಶಾಸ್ತ್ರ ಹುಟ್ಟಿದ್ದು ಹೀಗೆ.

1640ರ ದಶಕದಲ್ಲಿ ಚೀನಾದಲ್ಲಿ ಮಿಂಗ್ ಅರಸೊತ್ತಿಗೆ ಕುಸಿದು ಪಿಂಗಾಣಿ ಬರುವುದು ಕಡಿಮೆಯಾಯಿತು. ಅದೇ ಸುಮಾರಿಗೆ ಡೆಲ್ಫ್ಟಿನ ಹಳೆಯ ಉದ್ಯಮವಾದ ಬಿಯರ್ ತಯಾರಿಕೆಯ ಮನೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಒಂದು ಕಾಲಕ್ಕೆ ಅಂಥವು ನೂರಕ್ಕೂ ಹೆಚ್ಚಿದ್ದವು. ದೊಡ್ಡ ಕಟ್ಟಡ, ಒಲೆ, ಕಾಲುವೆಯ ದಂಡೆ ಎಲ್ಲವೂ ಖಾಲಿ ಬಿದ್ದಿದ್ದವು. ಕುಂಬಾರರು ಬಂದು ಅವುಗಳನ್ನು ಹಿಡಿದರು. ಏಳಿಗೆಯ ಕಾಲದಲ್ಲಿ ಮೂವತ್ತಕ್ಕೂ ಹೆಚ್ಚು ಕಾರ್ಖಾನೆಗಳು ನಡೆದವು.

ಅವರ ಬಳಿ ಚೀನಾದ ಬಿಳಿ ಜೇಡಿ ಇರಲಿಲ್ಲ. ಅದಕ್ಕೆ ಸಾಮಾನ್ಯ ಮಣ್ಣಿನ ತಟ್ಟೆಯನ್ನು ಒಮ್ಮೆ ಸುಟ್ಟು, ತವರ ಬೆರೆಸಿದ ಬಿಳಿ ಮೆರುಗಿನಲ್ಲಿ ಅದ್ದುತ್ತಿದ್ದರು. ಒಣಗಿದಾಗ ಅದು ಸುಣ್ಣದ ಪುಡಿ ಹಚ್ಚಿದಂತೆ ಇರುತ್ತದೆ. ಅದರ ಮೇಲೆ ಚಿತ್ರ ಬರೆಯಬೇಕು. ನಾನು ಕಾರ್ಖಾನೆಯಲ್ಲಿ ಒಬ್ಬ ಹೆಣ್ಣುಮಗಳ ಹಿಂದೆ ಬಹಳ ಹೊತ್ತು ನಿಂತು ನೋಡಿದ್ದೇನೆ. ಮೊದಲು ಸೂಜಿಯಿಂದ ತೂತು ಕೊರೆದ ಕಾಗದವನ್ನು ತಟ್ಟೆಯ ಮೇಲಿಟ್ಟು ಇದ್ದಿಲ ಪುಡಿಯ ಗಂಟನ್ನು ತಟ್ಟಿದಳು, ನಮ್ಮ ಹೆಣ್ಣುಮಕ್ಕಳು ತೂತಿನ ಡಬ್ಬಿಯಿಂದ ರಂಗೋಲಿ ಇಳಿಸಿದ ಹಾಗೆ. ಕಾಗದ ಎತ್ತಿದರೆ ಚುಕ್ಕೆಯ ಚಿತ್ರ. ಆಮೇಲೆ ಕುಂಚ. ಕೋಬಾಲ್ಟಿನ ಬಣ್ಣ ಆಗ ನೀಲಿಯಾಗಿರುವುದಿಲ್ಲ, ಕಪ್ಪು. ಮುಟ್ಟಿದ ಕ್ಷಣವೇ ಪುಡಿ ಅದನ್ನು ಹೀರಿಕೊಳ್ಳುತ್ತದೆ. ಎಳೆದ ಗೆರೆಯನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಅವಳು ಉಸಿರು ಹಿಡಿದು ಗೆರೆ ಎಳೆದು, ತಟ್ಟೆಯನ್ನು ತಿರುಗಿಸಿ, ಮತ್ತೆ ಉಸಿರು ಹಿಡಿಯುತ್ತಿದ್ದಳು. ಎರಡನೇ ಸಲ ಬೆಂಕಿ ಕಂಡ ಮೇಲೆ ಕಪ್ಪು ನೀಲಿಯಾಗಿ, ಪುಡಿ ಗಾಜಾಗಿ ಹೊರಬರುತ್ತದೆ. ಹುಣಸೆ ಬೀಜದ ಸರಿಯ ಮೇಲೆ ಬಣ್ಣ ಕೂರಿಸುವ ನಿಮಗೆ ಆ ಹೆಣ್ಣುಮಗಳ ಮಣಿಕಟ್ಟಿನ ಬೆಲೆ ನಾನು ಹೇಳಬೇಕಿಲ್ಲ.

ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಅಗ್ಗದ, ಗಟ್ಟಿಯಾದ ತಟ್ಟೆಗಳು ಬಂದವು. ಡೆಲ್ಫ್ಟಿನ ಕಾರ್ಖಾನೆಗಳು ಸಾಲಾಗಿ ಬಾಗಿಲು ಹಾಕಿದವು. ಆ ಕಾಲದವುಗಳಲ್ಲಿ 1653ರಲ್ಲಿ ಶುರುವಾದ ‘ಪೋರ್ಸೆಲೇನೆ ಫ್ಲೆಸ್’ ಒಂದೇ ಇವತ್ತಿಗೂ ಉಳಿದಿದೆ. ಅದಕ್ಕೂ 1876ರಲ್ಲಿ ಒಬ್ಬ ಇಂಜಿನಿಯರ್ ಕೊಂಡುಕೊಂಡ ಮೇಲೆಯೇ ಮರುಜೀವ ಬಂದದ್ದು. ನಿಮಗೆ ಉಪಯೋಗಕ್ಕೆ ಬರಬಹುದಾದ ಒಂದು ಮಾತು: ಅವರು ಪ್ರತಿ ತಟ್ಟೆಯ ಬೆನ್ನಿಗೆ ಕಾರ್ಖಾನೆಯ ಗುರುತು ಹಾಕುತ್ತಾರೆ, ಕೈಕೆಲಸದ ತಟ್ಟೆಗೆ ಬರೆದವರ ಮೊದಲಕ್ಷರವನ್ನೂ ಹಾಕುತ್ತಾರೆ. ಕಿನ್ನಾಳದ ಗೊಂಬೆಯ ಅಡಿಯಲ್ಲಿ ಮಾಡಿದವರ ಹೆಸರನ್ನು ನಾನು ಇದುವರೆಗೆ ಕಂಡಿಲ್ಲ.

● ಡೆಲ್ಫ್ಟಿನಲ್ಲಿ ಜೋಳದ ರೊಟ್ಟಿ ಸಿಗುತ್ತದೆಯೇ?
— ಓದುಗರು, ಸಿರುಗುಪ್ಪ

ಇಲ್ಲ. ಮನೆಯಿಂದ ಒಯ್ದ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಮುಗಿದ ಮೇಲೆ ಒಂದನೇ ನಂಬರಿನ ಟ್ರಾಮ್ ಹತ್ತಿ ಹೇಗ್‌ಗೆ ಹೋಗುತ್ತಿದ್ದೆ. ಸುರಿನಾಮಿನಿಂದ ಬಂದು ನೆಲೆಸಿದ ಭಾರತ ಮೂಲದವರ ಅಂಗಡಿಗಳು ಅಲ್ಲಿವೆ. ಬೇಳೆ, ಜೀರಿಗೆ ಸಿಗುತ್ತವೆ, ಅವರದೇ ರೊಟ್ಟಿಯೂ ಇದೆ. ಜೋಳದ್ದಲ್ಲ.

● ವರ್ಮೀರ್ ಎಂಬ ಚಿತ್ರಕಾರನ ಊರು ಅದಲ್ಲವೇ? ಅಷ್ಟು ದೊಡ್ಡ ಕಲಾವಿದ ಇಷ್ಟು ಕಡಿಮೆ ಚಿತ್ರ ಬರೆದದ್ದೇಕೆ?
— ಚಿತ್ರಕಲಾ ವಿದ್ಯಾರ್ಥಿನಿ, ಬಳ್ಳಾರಿ

ಅದೇ ಊರು, ತಂಗಿ. 1632ರಲ್ಲಿ ಅಲ್ಲಿ ಹುಟ್ಟಿ 1675ರಲ್ಲಿ ಅಲ್ಲೇ ತೀರಿಕೊಂಡ. ಅವನವು ಎಂದು ಒಪ್ಪಿತವಾದ ಚಿತ್ರಗಳು ಮೂವತ್ತೈದರ ಆಚೀಚೆ. ಒಂದೊಂದಕ್ಕೂ ತಿಂಗಳುಗಟ್ಟಲೆ ಕುಳಿತುಕೊಳ್ಳುತ್ತಿದ್ದ, ದುಬಾರಿ ನೀಲಿ ಬಣ್ಣಕ್ಕೆ ಕೈ ಬಿಚ್ಚಿ ಖರ್ಚು ಮಾಡುತ್ತಿದ್ದ, ಮನೆಯಲ್ಲಿ ಹನ್ನೊಂದು ಮಕ್ಕಳು. ಕಡಿಮೆ ಬರೆದದ್ದೇಕೆ ಎಂಬುದಕ್ಕಿಂತ ಇಷ್ಟನ್ನಾದರೂ ಹೇಗೆ ಬರೆದ ಎಂಬುದೇ ನನಗೆ ಸೋಜಿಗ.

ಡೆಲ್ಫ್ಟಿನಲ್ಲಿ ಅವನ ಒಂದೂ ಮೂಲ ಚಿತ್ರವಿಲ್ಲ. ಊರಿನದೇ ಚಿತ್ರ, ‘ಡೆಲ್ಫ್ಟಿನ ನೋಟ’, ಹೇಗ್‌ನ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿದೆ. 1660–61ರ ಸುಮಾರಿನದು. ಮುಂದೆ ನೀರು, ದಡದಲ್ಲಿ ಎರಡು ಕೋಟೆಬಾಗಿಲು, ಮೇಲೆ ಮೋಡ. ಮುಂದಿನ ಮನೆಗಳೆಲ್ಲ ಮೋಡದ ನೆರಳಲ್ಲಿ ಮಸುಕಾಗಿವೆ. ಬಿಸಿಲು ಬಿದ್ದಿರುವುದು ಹಿಂದೆ ದೂರದಲ್ಲಿರುವ ಹೊಸ ಚರ್ಚಿನ ಗೋಪುರಕ್ಕೆ. ಸಾಮಾನ್ಯ ಚಿತ್ರಕಾರ ಹತ್ತಿರದ್ದಕ್ಕೆ ಬೆಳಕು ಕೊಟ್ಟು ದೂರದ್ದನ್ನು ಮಸುಕು ಮಾಡುತ್ತಾನೆ. ನೀನು ಬಳ್ಳಾರಿ ಗುಡ್ಡವನ್ನು ಬರೆಯುವಾಗ ಇದನ್ನೊಮ್ಮೆ ಮಾಡಿ ನೋಡು. ಆ ಎರಡು ಬಾಗಿಲುಗಳನ್ನು ಈಗ ಕೆಡವಿದ್ದಾರೆ. ಪೂರ್ವದ ಬಾಗಿಲೊಂದು ಮಾತ್ರ ಉಳಿದಿದೆ.

ಅವನ ಕೊನೆಗಾಲದ ಬಡತನಕ್ಕೂ ನೀರೇ ಒಂದು ಕಾರಣ. 1672ರಲ್ಲಿ ಫ್ರೆಂಚ್ ಸೈನ್ಯ ನುಗ್ಗಿದಾಗ ಅದನ್ನು ತಡೆಯಲು ಡಚ್ಚರು ತಮ್ಮ ಹೊಲಗಳಿಗೆ ತಾವೇ ನೀರು ನುಗ್ಗಿಸಿಕೊಂಡರು. ಸೈನ್ಯ ನಿಂತಿತು. ಮುಳುಗಿದ ಹೊಲಗಳಲ್ಲಿ ವರ್ಮೀರನ ಅತ್ತೆಯದೂ ಇತ್ತು, ಅದರ ಗುತ್ತಿಗೆ ಹಣ ನಿಂತುಹೋಯಿತು. ಯುದ್ಧಕಾಲದಲ್ಲಿ ಚಿತ್ರ ಕೊಳ್ಳುವವರೂ ಇರಲಿಲ್ಲ. ಅವನು ಸತ್ತ ಮೇಲೆ ಬ್ರೆಡ್ಡಿನ ಬಾಕಿ 617 ಗಿಲ್ಡರಿಗೆ ಹೆಂಡತಿ ಎರಡು ಚಿತ್ರಗಳನ್ನು ಬೇಕರಿಯವನಿಗೆ ಒಪ್ಪಿಸಿದಳು.

● ಮದ್ದಿನ ಮನೆ ಸಿಡಿದು ಊರೇ ಹಾರಿಹೋಗಿತ್ತಂತೆ?
— ಇತಿಹಾಸ ಆಸಕ್ತರು, ರಾಯಚೂರು

ಊರಿನ ಕಾಲುಭಾಗ. 1654ರ ಅಕ್ಟೋಬರ್ 12, ಬೆಳಗಿನ ಹೊತ್ತು. ಹಳೆಯ ಸನ್ಯಾಸಿನಿಯರ ಮಠವೊಂದರ ನೆಲದಡಿಯಲ್ಲಿ ಸುಮಾರು 40 ಟನ್ ಮದ್ದು ಇಟ್ಟಿದ್ದರು. ಪಾರುಪತ್ಯಗಾರ ಮಾದರಿ ತೆಗೆಯಲು ಬಾಗಿಲು ತೆರೆದು ಒಳಗೆ ಹೋದ. ಕಿಡಿ ಎಲ್ಲಿಂದ ಬಂತು ಎಂದು ಹೇಳಲು ಅವನು ಉಳಿಯಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಚಿತ್ರಕಾರ ಕಾರೆಲ್ ಫೆಬ್ರಿಶಿಯಸ್ ಒಬ್ಬ. ಸರಪಳಿ ಕಟ್ಟಿದ ಪುಟ್ಟ ಹಕ್ಕಿಯ ಚಿತ್ರವನ್ನು ಅದೇ ವರ್ಷ ಬರೆದಿದ್ದ. 1520ರಲ್ಲೇ ಫಿರಂಗಿಗಳನ್ನು ಕಂಡ ಕೋಟೆಯ ಊರಿನವರು ನೀವು, ಮದ್ದಿನ ಮನೆಯನ್ನು ಜನವಸತಿಯ ನಡುವೆ ಇಡಬಾರದು ಎಂದು ನಿಮಗೆ ಹೇಳಬೇಕಿಲ್ಲ. ಡೆಲ್ಫ್ಟಿನವರು ಹೊಸ ಮದ್ದಿನ ಮನೆಯನ್ನು ಊರಾಚೆ ಕಟ್ಟಿದರು. ಸಿಡಿದ ಜಾಗವನ್ನು ಬಯಲಾಗಿ ಬಿಟ್ಟು, ಕುದುರೆ ಸಂತೆಗೆ ಕೊಟ್ಟರು.

● ಆ ಊರಿನ ಜನ ಹೇಗೆ? ಡಚ್ಚರು ಜಿಪುಣರು ಎನ್ನುತ್ತಾರಲ್ಲ?
— ಓದುಗರು, ಕಂಪ್ಲಿ

ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕುತ್ತಾರೆ. ಮೊದಲ ವಾರ ನನಗೂ ಮುಜುಗರವಾಯಿತು. ಊಟದ ಹೊತ್ತಿಗೆ ಮನೆಗೆ ಹೋದರೆ ‘ಆರು ಗಂಟೆಗೆ ನಮ್ಮ ಊಟ’ ಎಂದು ಗಡಿಯಾರ ತೋರಿಸುತ್ತಾರೆ, ಅಂದರೆ ಹೊರಡಿ ಎಂದರ್ಥ. ಹುಟ್ಟುಹಬ್ಬಗಳ ಕ್ಯಾಲೆಂಡರನ್ನು ಶೌಚಾಲಯದ ಗೋಡೆಗೆ ತೂಗುಹಾಕುತ್ತಾರೆ, ಮನೆಮಂದಿಯೆಲ್ಲ ದಿನಾ ನೋಡುವ ಗೋಡೆ ಅದೊಂದೇ ಎಂದು. ಮುಂದಿನ ಕೋಣೆಯ ಪರದೆ ರಾತ್ರಿಯೂ ತೆರೆದೇ ಇರುತ್ತದೆ. ಬೀದಿಯಲ್ಲಿ ಹೋಗುವವರಿಗೆ ಒಳಗಿನ ಪುಸ್ತಕದ ಕಪಾಟು, ಬೆಕ್ಕು, ಮನೆಯೊಡೆಯನ ಬೋಳುತಲೆ ಎಲ್ಲ ಕಾಣುತ್ತದೆ.

ಅನಿಸಿದ್ದನ್ನು ಮುಖಕ್ಕೆ ಹೊಡೆದಂತೆ ಹೇಳುತ್ತಾರೆ. ನನ್ನ ಮೊದಲ ಪ್ರಬಂಧವನ್ನು ನೋಡಿ ಮೇಷ್ಟ್ರು ‘ಇದರಲ್ಲಿ ಅಂಕಿಗಳಿವೆ, ಅಭಿಪ್ರಾಯವಿಲ್ಲ’ ಎಂದರು. ನಮ್ಮ ಕಚೇರಿಗಳಲ್ಲಿ ಅಭಿಪ್ರಾಯವಿದ್ದ ಕಡತ ಮುಂದಕ್ಕೆ ಹೋಗುವುದಿಲ್ಲ ಎಂದು ಅವರಿಗೆ ಹೇಗೆ ವಿವರಿಸಲಿ? ಆದರೆ ಮುಖಕ್ಕೆ ಹೇಳಿದವರು ಬೆನ್ನ ಹಿಂದೆ ಹೇಳುತ್ತಿರಲಿಲ್ಲ. ನಾನು ಜ್ವರದಿಂದ ಮಲಗಿದ್ದಾಗ ಒಂದೇ ಬಿಸ್ಕತ್ತಿನ ಆ ಮನೆಯೊಡತಿ ದಿನವೂ ಬಟಾಣಿ ಸೂಪು ಮಾಡಿಕೊಟ್ಟರು. ನನ್ನದರಲ್ಲಿ ಮಾಂಸ ಹಾಕಿಲ್ಲ ಎಂದು ಚೀಟಿಯನ್ನೂ ಅಂಟಿಸಿರುತ್ತಿದ್ದರು.

ಜಿಪುಣತನ ಎನ್ನುವುದಕ್ಕಿಂತ, ಇದ್ದದ್ದನ್ನು ಬಿಸಾಡದ ಬುದ್ಧಿ ಎನ್ನಬೇಕು. ಬಿಯರ್ ಹೋದರೆ ಆ ಕಟ್ಟಡದಲ್ಲಿ ತಟ್ಟೆ ಸುಟ್ಟರು. ಹಳೆ ಚರ್ಚಿನ ಗೋಪುರವನ್ನು ಮುಚ್ಚಿದ ಕಾಲುವೆಯ ಮೇಲೆ ಕಟ್ಟಿದ್ದರಿಂದ ಅದು ಸುಮಾರು ಎರಡು ಮೀಟರ್ ವಾಲಿದೆ. ಕೆಡವಲಿಲ್ಲ, ಆರೇಳು ನೂರು ವರ್ಷ ಹಾಗೇ ಇಟ್ಟುಕೊಂಡಿದ್ದಾರೆ. ಅದರೊಳಗಿನ ಸುಮಾರು ಒಂಬತ್ತು ಟನ್ನಿನ ಗಂಟೆಯನ್ನು ಮಾತ್ರ ರಾಜಮನೆತನದ ಶವಸಂಸ್ಕಾರದಂಥ ಅಪರೂಪದ ದಿನಗಳಲ್ಲಿ ಬಿಟ್ಟರೆ ಬಾರಿಸುವುದಿಲ್ಲ, ಅದುರಿಗೆ ಗೋಪುರ ಏನಾದೀತೋ ಎಂದು. ನಾನಿದ್ದಾಗ ರೈಲು ಮನೆಗಳ ಮಗ್ಗುಲಲ್ಲೇ ಎತ್ತರದ ಸೇತುವೆಯ ಮೇಲೆ ಧಡಧಡ ಓಡುತ್ತಿತ್ತು. 2015ರಲ್ಲಿ ಅದನ್ನು ಸುರಂಗಕ್ಕೆ ಇಳಿಸಿದರು. ಸುರಂಗದ ದಾರಿಯಲ್ಲಿ ‘ರೋಸ್’ ಎಂಬ ಹದಿನೇಳನೇ ಶತಮಾನದ ಗಾಳಿಗಿರಣಿ ಅಡ್ಡ ಬಂತು. ಇಡೀ ಗಿರಣಿಯನ್ನು ಜಾಕ್ ಹಾಕಿ ಎತ್ತಿ, ಅಡಿಯಲ್ಲಿ ಹೊಸ ತಳಪಾಯ ಕೊಟ್ಟು ಕೂರಿಸಿದರು. ಮಗಳ ಜೊತೆ ಮತ್ತೆ ಹೋದಾಗ ಅದರ ಬುಡದಲ್ಲಿ ನಿಂತೆ, ಕೆಳಗೆ ರೈಲು ಹೋಗುತ್ತಿದೆ ಎನ್ನುವುದು ಗೊತ್ತೇ ಆಗಲಿಲ್ಲ. ಮಗಳಿಗೆ ಬೇಸರ, ನನಗೆ ಅಲ್ಲಿಂದ ಕಾಲು ಕೀಳಲು ಮನಸ್ಸಿಲ್ಲ.

● ದೇಶಪಿತನನ್ನು ಅಲ್ಲಿ ಕೊಂದರಂತೆ, ಗುಂಡಿನ ಗುರುತು ಇನ್ನೂ ಇದೆಯೇ?
— ಓದುಗರು, ಗಂಗಾವತಿ

ಇದೆ. ಸ್ಪೇನಿನ ವಿರುದ್ಧ ದಂಗೆಯ ಮುಂದಾಳಾಗಿದ್ದ ಆರೆಂಜ್‌ನ ವಿಲಿಯಂನನ್ನು 1584ರ ಜುಲೈ 10ರಂದು ಪ್ರಿನ್ಸೆನ್‌ಹೋಫ್ ಎಂಬ ಅವನ ಮನೆಯ ಮೆಟ್ಟಿಲ ಬಳಿ ಬಾಲ್ತಸಾರ್ ಗೆರಾರ್ಡ್ ಎಂಬವನು ಪಿಸ್ತೂಲಿನಿಂದ ಹೊಡೆದ. ಗೋಡೆಯ ಆ ತೂತುಗಳಿಗೆ ಗಾಜು ಮುಚ್ಚಿದ್ದಾರೆ. ಜನ ಬೆರಳು ಹಾಕಿ ಹಾಕಿ ದೊಡ್ಡದು ಮಾಡಿದ್ದರಂತೆ. ಅಂದಿನಿಂದ ರಾಜಮನೆತನದವರ ಸಮಾಧಿ ಡೆಲ್ಫ್ಟಿನ ಹೊಸ ಚರ್ಚಿನಲ್ಲೇ.

● ನಮ್ಮಲ್ಲಿ ಬೋರ್‌ವೆಲ್ ಬತ್ತುವ ಚಿಂತೆ. ಅಲ್ಲಿ ಅಂತರ್ಜಲದ ತಂಟೆಯೇ ಇಲ್ಲವೇ?
— ಓದುಗರು, ಲಿಂಗಸುಗೂರು

ಇದೆ, ಕೇಳಿದರೆ ನಗುತ್ತೀರಿ. ಊರಿನ ಯೀಸ್ಟ್ ಕಾರ್ಖಾನೆ ಯಂತ್ರ ತಂಪಾಗಿಸಲು ಇಪ್ಪತ್ತನೇ ಶತಮಾನದ ಆರಂಭದಿಂದ ನೆಲದಡಿಯ ನೀರನ್ನು ಎತ್ತುತ್ತಿತ್ತು. ಆಮೇಲೆ ಅದಕ್ಕೆ ಅಷ್ಟು ನೀರು ಬೇಡವಾಯಿತು. ಪಂಪು ನಿಲ್ಲಿಸುತ್ತೇವೆ ಎಂದಾಗ ಊರು ಬೆಚ್ಚಿತು. ಅಷ್ಟು ವರ್ಷ ಕೆಳಗಿಳಿದಿದ್ದ ನೀರು ಒಮ್ಮೆಲೇ ಮೇಲೇರಿದರೆ ನೆಲ ಉಬ್ಬಿ ಕಟ್ಟಡಗಳು ಬಿರುಕು ಬಿಟ್ಟಾವು ಎಂಬ ಭಯ. ಕೊನೆಗೆ ನಗರಸಭೆಯೂ ಜಲಮಂಡಳಿಯೂ ಸೇರಿ, ಯಾರಿಗೂ ಬೇಡದ ನೀರನ್ನು ದುಡ್ಡು ಕೊಟ್ಟು ಎತ್ತಿಸುತ್ತಾ, ಹಂತ ಹಂತವಾಗಿ ಕಡಿಮೆ ಮಾಡುವ ದಾರಿ ಹಿಡಿದವು. ಆರುನೂರು ಅಡಿ ಕೊರೆದರೂ ಬರೀ ದೂಳು ಕಾಣುವ ನಮ್ಮವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

● ಸರ್, ನಾನು ಎಂಟನೇ ತರಗತಿ. ಪಾಠದಲ್ಲಿ ಲೇವನ್‌ಹುಕ್ ಎಂಬವರು ಸೂಕ್ಷ್ಮಜೀವಿ ಕಂಡರು ಎಂದಿದೆ. ಅವರೂ ಡೆಲ್ಫ್ಟಿನವರೇ? ಅವರ ಸೂಕ್ಷ್ಮದರ್ಶಕವನ್ನು ನಾನು ಮಾಡಬಹುದೇ?
— ವಿದ್ಯಾರ್ಥಿ, ಸಿರವಾರ

ಅವರೂ ಡೆಲ್ಫ್ಟಿನವರೇ. ವರ್ಮೀರ್ ಹುಟ್ಟಿದ ವರ್ಷ, ತಿಂಗಳಲ್ಲೇ ಹುಟ್ಟಿದವರು. ವರ್ಮೀರ್ ತೀರಿಕೊಂಡ ಮೇಲೆ ಅವನ ಸಾಲದ ಆಸ್ತಿಯ ಲೆಕ್ಕ ನೋಡಲು ನಗರಸಭೆ ನೇಮಿಸಿದ್ದೂ ಇವರನ್ನೇ. ಕಾಲೇಜು ಮೆಟ್ಟಿಲು ಹತ್ತಿದವರಲ್ಲ, ಲ್ಯಾಟಿನ್ ಬರುತ್ತಿರಲಿಲ್ಲ. ಬಟ್ಟೆ ವ್ಯಾಪಾರಿ. ಜೊತೆಗೆ ಪುರಭವನದಲ್ಲಿ ಕೋಣೆಗಳ ಮೇಲ್ವಿಚಾರಣೆಯ ನೌಕರಿ. ಕಾಳುಮೆಣಸು ನಾಲಿಗೆಗೆ ಖಾರ ಏಕೆ, ಅದಕ್ಕೆ ಕಣ್ಣಿಗೆ ಕಾಣದ ಮುಳ್ಳುಗಳಿರಬಹುದೇ ಎಂಬ ಅನುಮಾನ ಅವರಿಗೆ ಬಂತು. ಪೂರ್ವದ ಕಡಲಿನಿಂದ ಬಂದ ಮೆಣಸನ್ನು ನೀರಿನಲ್ಲಿ ನೆನೆಹಾಕಿ ಕೆಲವು ವಾರ ಬಿಟ್ಟು, 1676ರ ಏಪ್ರಿಲ್‌ನಲ್ಲಿ ಆ ನೀರಿನ ಹನಿಯನ್ನು ನೋಡಿದರು. ಮುಳ್ಳು ಕಾಣಲಿಲ್ಲ. ಲೆಕ್ಕವಿಲ್ಲದಷ್ಟು ಪುಟ್ಟ ಜೀವಿಗಳು ಓಡಾಡುತ್ತಿದ್ದವು. ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ಡಚ್ ಭಾಷೆಯಲ್ಲೇ ಪತ್ರ ಬರೆದರು. ಅಲ್ಲಿಯವರು ನಂಬಲಿಲ್ಲ. ಇವರು ಊರಿನ ಪಾದ್ರಿಗಳನ್ನೂ ದೊಡ್ಡವರನ್ನೂ ಕರೆದು ತೋರಿಸಿ, ‘ನಾವೂ ಕಂಡೆವು’ ಎಂದು ಬರೆಸಿ ಕಳಿಸಿದರು. ಮರುವರ್ಷ ಲಂಡನ್ನಿನಲ್ಲಿ ವಿಜ್ಞಾನಿ ರಾಬರ್ಟ್ ಹುಕ್‌ಗೂ ಅವು ಕಂಡವು.

ಅವರ ಉಪಕರಣ ನಿಮ್ಮ ಶಾಲೆಯದಕ್ಕಿಂತ ಸರಳ. ಕೊಳವೆ ಇಲ್ಲ, ಮಸೂರ ಒಂದೇ. ಬೆರಳುದ್ದದ ಎರಡು ಲೋಹದ ತಗಡುಗಳ ನಡುವೆ ಕಾಳಿನಷ್ಟು ಗಾಜು, ಹಿಂದೆ ಒಂದು ಸೂಜಿ, ಸೂಜಿಯನ್ನು ಹಿಂದೆ ಮುಂದೆ ಸರಿಸಲು ತಿರುಪು. ಉಳಿದಿರುವ ಒಂದು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಮಸೂರ ಮಾಡಿದ ಬಗೆಯನ್ನು ಅವರು ಯಾರಿಗೂ ಹೇಳದೆ ಸತ್ತರು. ಇತ್ತೀಚೆಗೆ ಡೆಲ್ಫ್ಟ್ ವಿಶ್ವವಿದ್ಯಾಲಯದ ರಿಯಾಕ್ಟರಿನಲ್ಲಿ ಆ ಉಪಕರಣವನ್ನು ಬಿಚ್ಚದೆಯೇ ನ್ಯೂಟ್ರಾನ್ ಹಾಯಿಸಿ ನೋಡಿದರು. ಒಳಗಿದ್ದದ್ದು ಉಜ್ಜಿದ ಮಸೂರವಲ್ಲ, ಕರಗಿಸಿದ ಗಾಜಿನ ಮಣಿ!

ಹಾಗಾದರೆ ನೀನೂ ಮಾಡಬಹುದು, ಆದರೆ ನಿಮ್ಮ ವಿಜ್ಞಾನ ಮೇಷ್ಟ್ರು ಪಕ್ಕದಲ್ಲೇ ಇರಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಪ್ರಯೋಗಾಲಯದ ತೆಳು ಗಾಜಿನ ಕಡ್ಡಿಯ ನಡುಭಾಗವನ್ನು ದೀಪದ ಜ್ವಾಲೆಯಲ್ಲಿ ಮೆತ್ತಗೆ ಮಾಡಿ ಎರಡೂ ಕಡೆ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಅದು ತಣ್ಣಗಾದ ಮೇಲೆ ತುದಿಯನ್ನು ಮತ್ತೆ ಜ್ವಾಲೆಗೆ ಹಿಡಿದರೆ ಮುದುಡಿ ಗುಂಡಗಿನ ಮಣಿಯಾಗುತ್ತದೆ. ಸಾಸಿವೆಗಿಂತ ದೊಡ್ಡದು ಬೇಡ, ಚಿಕ್ಕದಾದಷ್ಟೂ ಹೆಚ್ಚು ದೊಡ್ಡದು ಮಾಡಿ ತೋರಿಸುತ್ತದೆ. ಎರಡು ತಗಡಿನ ಚೂರುಗಳಿಗೆ ಸೂಜಿಯಿಂದ ಒಂದೊಂದು ತೂತು ಮಾಡಿ, ನಡುವೆ ಮಣಿ ಕೂರಿಸಿ ಅಂಟಿಸು. ನೋಡುವಾಗ ಮಣಿ ಕಣ್ಣಿಗೆ ಬಹಳ ಹತ್ತಿರ, ಹನಿ ಮಣಿಗೆ ಬಹಳ ಹತ್ತಿರ ಇರಲಿ. ಆಕಾಶದ ಕಡೆ ತಿರುಗು, ಸೂರ್ಯನ ಕಡೆ ಮಾತ್ರ ಬೇಡ. ನೀರಿಗಾಗಿ ಕಾಲುವೆಗೆ ಇಳಿಯಬೇಡ. ಎಮ್ಮೆ ನೀರು ಕುಡಿಯುವ ತೊಟ್ಟಿಯ ಪಾಚಿ ನೀರು ಅದಕ್ಕಿಂತ ಒಳ್ಳೆಯದು. ಕಂಡದ್ದರ ಚಿತ್ರ ಬರೆದು ಈ ಅಂಕಣಕ್ಕೆ ಕಳಿಸು. ಜೊತೆಗೆ ನೋಡಿದ ಇಬ್ಬರ ಸಹಿಯೂ ಇರಲಿ.